ಹಣ ಕಟ್ಟುವ ಮೊದಲು: ಮುಂಬಯಿಯಲ್ಲಿ ನಿಮಗೊಪ್ಪುವ ಜಿಮ್ ಆಯ್ದುಕೊಳ್ಳಲು ಸಮಗ್ರ ಮಾರ್ಗದರ್ಶಿ

ಜನವರಿಯಲ್ಲಿ ಇಡೀ ವರ್ಷದ ಶುಲ್ಕ ಕಟ್ಟಿ, ಹೋಳಿ ಕಳೆಯುವ ಹೊತ್ತಿಗೆ ಜಿಮ್ಮಿನ ದಾರಿಯನ್ನೇ ಬಿಟ್ಟವರು ನನ್ನ ಪರಿಚಯದಲ್ಲಿ ಒಬ್ಬಿಬ್ಬರಲ್ಲ. ಬೆಳಗಿನ ಲೋಕಲ್ ರೈಲು ಹಿಡಿದು ರಾತ್ರಿ ಎಂಟಕ್ಕೆ ಮನೆ ಸೇರುವ ಇವರನ್ನು ಸೋಮಾರಿಗಳೆಂದು ಕರೆಯಲು ನನಗೆ ಮನಸ್ಸಾಗುವುದಿಲ್ಲ. ಅವರು ಎಡವಿದ್ದು ಕೆಲಸದ ಕ್ರಮದಲ್ಲಿ. ರಿಯಾಯಿತಿಯ ಫಲಕ ನೋಡಿ ಮೊದಲೇ ಹಣ ಕಟ್ಟಿದರು, ಆಮೇಲೆ ಹೊತ್ತು ಹೊಂದಿಸಲು ಪರದಾಡಿದರು, ಮೊಣಕಾಲು ನೋಯತೊಡಗಿದ ಮೇಲೆ ತರಬೇತುದಾರ ಏನು ಕಲಿತವನೆಂದು ವಿಚಾರಿಸಿದರು, ಬಿಡಬೇಕೆಂದಾಗ ಕರಾರುಪತ್ರ ಓದಿದರು. ಇದೇ ಕೆಲಸಗಳನ್ನು ಕೆಳಗಿನ ಕ್ರಮದಲ್ಲಿ ಮಾಡಿದರೆ ಸುಮಾರು ಎರಡು ವಾರ ಹಿಡಿಯುತ್ತದೆ. ಹಣ ಕಟ್ಟುವುದು ಒಂಬತ್ತನೆಯ ಹಂತದಲ್ಲಿ ಬರುತ್ತದೆ. ಅಲ್ಲಿಯವರೆಗೆ ಫೋನಿನ ಪಾವತಿ ಆ್ಯಪನ್ನು ತೆರೆಯುವ ಅಗತ್ಯವಿಲ್ಲ.

ಮೊದಲು ಕೈಯಲ್ಲಿರಬೇಕಾದವು

ಒಂದು ಸಣ್ಣ ನೋಟುಬುಕ್ಕು, ನಕ್ಷೆ ಮತ್ತು ಸ್ಟಾಪ್‌ವಾಚ್ ಇರುವ ಫೋನು, ನೀವು ದಿನವೂ ಸೇವಿಸುವ ಔಷಧಿಗಳ ಪಟ್ಟಿ, ಇತ್ತೀಚಿನ ರಕ್ತಪರೀಕ್ಷೆಯ ವರದಿ ಮತ್ತು ಜಿಮ್ಮಿನೊಳಗೆ ಮಾತ್ರ ಬಳಸುವ ಒಂದು ಜೊತೆ ಬೂಟು. ಮಳೆಗಾಲದಲ್ಲಿ ರಸ್ತೆಯ ಕೆಸರು ಮೆತ್ತಿಕೊಂಡ ಬೂಟಿನಲ್ಲಿ ಒಳಗೆ ಬಿಡುವ ಜಿಮ್ ಸಿಕ್ಕಿದರೆ, ಅದರ ನೆಲವನ್ನು ಯಾರೂ ಕಾಳಜಿಯಿಂದ ನೋಡಿಕೊಳ್ಳುತ್ತಿಲ್ಲವೆಂದೇ ಅರ್ಥ.

ಹಂತ 1: ಅಗತ್ಯವನ್ನು ಮೂರು ಸಾಲಿನಲ್ಲಿ ಬರೆಯಿರಿ

“ಫಿಟ್ ಆಗಬೇಕು” ಎಂದು ಬರೆದರೆ ಉಪಯೋಗವಿಲ್ಲ. ಆ ಮಾತಿಗೆ ಯಾವ ಜಿಮ್ ಆದರೂ ಹೊಂದುತ್ತದೆ, ಆದ್ದರಿಂದ ಆಯ್ಕೆಗೆ ಅದು ನೆರವಾಗುವುದಿಲ್ಲ. ಮೂರನೆಯ ಮಹಡಿಗೆ ದಿನಸಿಯ ಚೀಲ ಹೊತ್ತು ಏದುಸಿರಿಲ್ಲದೆ ಹತ್ತಬೇಕು, ಹೆರಿಗೆಯ ನಂತರ ಸೊಂಟಕ್ಕೆ ಬಲ ಬರಬೇಕು, ಸಕ್ಕರೆ ಕಾಯಿಲೆಯನ್ನು ಹದ್ದುಬಸ್ತಿನಲ್ಲಿಡಬೇಕು, ಭಾರ ಎತ್ತುವ ಸ್ಪರ್ಧೆಗೆ ಇಳಿಯಬೇಕು: ಹೀಗೆ ಬರೆದಾಗ ಯಾವ ಉಪಕರಣ, ಎಂಥ ತರಬೇತುದಾರ ಬೇಕೆಂಬುದು ತಾನಾಗಿ ಹೊರಬರುತ್ತದೆ. ಎರಡನೆಯ ಸಾಲಿನಲ್ಲಿ ವಾರಕ್ಕೆ ಎಷ್ಟು ದಿನ ಹೋಗಲು ಸಾಧ್ಯ ಎಂಬುದನ್ನೂ ಮೂರನೆಯದರಲ್ಲಿ ಯಾವ ಗಂಟೆಗೆ ಎಂಬುದನ್ನೂ ಬರೆಯಬೇಕು.

ದಿನಗಳ ಸಂಖ್ಯೆಯಲ್ಲಿ ದುರಾಸೆ ಬೇಡ. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಶ್ರಮ ಅಥವಾ 75ರಿಂದ 150 ನಿಮಿಷಗಳ ತೀವ್ರ ಶ್ರಮವನ್ನೂ, ಅದರ ಜೊತೆಗೆ ಕನಿಷ್ಠ ಎರಡು ದಿನ ಸ್ನಾಯುಗಳಿಗೆ ಬಲ ಕೊಡುವ ವ್ಯಾಯಾಮವನ್ನೂ ಹೇಳುತ್ತದೆ. ಮೊದಲಿನದರಲ್ಲಿ ಬಹುಪಾಲನ್ನು ಸ್ಟೇಷನ್ನಿನಿಂದ ಮನೆಗೆ ಬಿರುಸಾಗಿ ನಡೆದೇ ಪೂರೈಸಬಹುದು. ಜಿಮ್ ನಿಜವಾಗಿ ಬೇಕಾಗುವುದು ಎರಡನೆಯದಕ್ಕೆ. ಹಾಗಾಗಿ ಸಾಮಾನ್ಯ ಆರೋಗ್ಯವೇ ಗುರಿಯಾಗಿರುವವರು ವಾರಕ್ಕೆ ಎರಡು ಅಥವಾ ಮೂರು ದಿನವೆಂದು ಬರೆದುಕೊಂಡರೆ ಸಾಕು; ಆರು ದಿನವೆಂದು ಬರೆದವರು ಸಾಮಾನ್ಯವಾಗಿ ಮೂರನೆಯ ವಾರದಲ್ಲಿ ಸೋಲೊಪ್ಪಿಕೊಂಡು ಪೂರ್ತಿಯಾಗಿ ಬಿಟ್ಟುಬಿಡುತ್ತಾರೆ.

ಹಂತ 2: ದೇಹದ ಲೆಕ್ಕವನ್ನು ವೈದ್ಯರ ಬಳಿ ಮುಗಿಸಿಕೊಳ್ಳಿ

ನಡೆಯುವಾಗ ಎದೆಯಲ್ಲಿ ಬಿಗಿತ, ತಲೆಸುತ್ತು, ಕಾರಣವಿಲ್ಲದ ಉಸಿರುಗಟ್ಟುವಿಕೆ, ರಕ್ತದೊತ್ತಡ, ಸಕ್ಕರೆ ಕಾಯಿಲೆ, ಹಳೆಯ ಶಸ್ತ್ರಚಿಕಿತ್ಸೆ, ಗರ್ಭಾವಸ್ಥೆ: ಇವುಗಳಲ್ಲಿ ಒಂದಾದರೂ ಇದ್ದರೆ ಜಿಮ್ ಹುಡುಕುವ ಮೊದಲೇ ನಿಮ್ಮ ವೈದ್ಯರನ್ನು ಕಾಣಿರಿ. ಇನ್ಸುಲಿನ್ ಅಥವಾ ಸಕ್ಕರೆ ಕಾಯಿಲೆಗೆ ಕೊಡುವ ಸಲ್ಫೊನಿಲ್ ಯೂರಿಯಾ ಗುಂಪಿನ ಮಾತ್ರೆ ತೆಗೆದುಕೊಳ್ಳುವವರಿಗೆ ವ್ಯಾಯಾಮದ ನಡುವೆ ಸಕ್ಕರೆಯ ಪ್ರಮಾಣ ತೀರ ಇಳಿಯುವ ಅಪಾಯವಿದೆ. ವ್ಯಾಯಾಮದ ಮುನ್ನ ಏನು ತಿನ್ನಬೇಕು, ಔಷಧಿಯ ಹೊತ್ತನ್ನು ಬದಲಿಸಬೇಕೇ ಎಂಬುದನ್ನು ವೈದ್ಯರೇ ಹೇಳಬೇಕು, ತರಬೇತುದಾರನಲ್ಲ. ವೈದ್ಯರು ಬೇಡವೆಂದ ಚಲನೆಗಳನ್ನು ನೋಟುಬುಕ್ಕಿನಲ್ಲಿ ಬರೆದುಕೊಂಡರೆ ಆರನೆಯ ಹಂತದಲ್ಲಿ ಕೆಲಸಕ್ಕೆ ಬರುತ್ತದೆ.

ಹಂತ 3: ದಾರಿಯನ್ನು ನಿಮ್ಮದೇ ಹೊತ್ತಿನಲ್ಲಿ ನಡೆದು ಅಳೆಯಿರಿ

ಇಡೀ ಮಾರ್ಗದರ್ಶಿಯಲ್ಲಿ ಒಂದೇ ಹಂತವನ್ನು ಪಾಲಿಸುವಷ್ಟು ವ್ಯವಧಾನ ನಿಮಗಿದ್ದರೆ, ಇದನ್ನು ಪಾಲಿಸಿ.

ನಾನು ಡೊಂಬಿವಲಿ ಪೂರ್ವದಲ್ಲಿರುವವನು. ಕೆಲವು ವರ್ಷಗಳ ಹಿಂದೆ ಪಶ್ಚಿಮದ ಒಂದು ಜಿಮ್ಮಿನಲ್ಲಿ ವಾರ್ಷಿಕ ಶುಲ್ಕ 4,000 ರೂಪಾಯಿ ಕಡಿಮೆಯೆಂದು ಒಂದು ಭಾನುವಾರ ಬೆಳಿಗ್ಗೆ ಹೋಗಿ ನೋಡಿದೆ. ಸ್ಟೇಷನ್ ಸೇತುವೆ ದಾಟಲು ನಾಲ್ಕು ನಿಮಿಷ ಹಿಡಿಯಿತು, ಹಣ ಕಟ್ಟಿ ಬಂದೆ. ಮರುದಿನ ಸಂಜೆ ಏಳೂವರೆಗೆ ಅದೇ ಸೇತುವೆಯ ಮೆಟ್ಟಿಲ ಬುಡದಲ್ಲಿ ನಿಂತಾಗ ಮೇಲಿನಿಂದ ಫಾಸ್ಟ್ ಲೋಕಲ್ ಒಂದರ ಜನವೆಲ್ಲ ಒಟ್ಟಿಗೆ ಇಳಿದು ಬರುತ್ತಿತ್ತು. ಬೂಟಿನ ಚೀಲವನ್ನು ಎದೆಗವಚಿಕೊಂಡು, ಕೈಗಂಬಿ ಹಿಡಿದು, ಒಂದೊಂದೇ ಮೆಟ್ಟಿಲು ಹತ್ತಿ ಆಚೆ ದಡ ಸೇರುವಾಗ ಹದಿಮೂರು ನಿಮಿಷ ಕಳೆದಿತ್ತು, ಅಂಗಿ ಆಗಲೇ ಒದ್ದೆಯಾಗಿತ್ತು. ಆ ವರ್ಷ ನಾನು ಹೋದದ್ದು ಒಟ್ಟು 31 ದಿನ. ಜಿಮ್ಮಿನಲ್ಲಿ ಯಾವ ಕೊರತೆಯೂ ಇರಲಿಲ್ಲ. ತಪ್ಪು ಹೊತ್ತಿನಲ್ಲಿ ದಾರಿ ನೋಡಿದವನು ನಾನು.

ಆದ್ದರಿಂದ ವಾರದ ನಡುವಿನ ಒಂದು ದಿನ, ನೀವು ಹೋಗಲಿರುವ ಗಂಟೆಗೇ, ಚೀಲವನ್ನೂ ಹೊತ್ತು, ಮನೆಯಿಂದ ಅಥವಾ ಸ್ಟೇಷನ್ನಿನಿಂದ ಜಿಮ್ಮಿನ ಬಾಗಿಲಿನವರೆಗೆ ನಡೆದು ಸ್ಟಾಪ್‌ವಾಚ್ ನೋಡಿ. ನನ್ನ ಅನುಭವದಲ್ಲಿ ಹದಿನೈದು ನಿಮಿಷ ದಾಟುವ ದಾರಿ ಬಹಳ ಕಾಲ ಬಾಳುವುದಿಲ್ಲ. ಶೇರ್ ರಿಕ್ಷಾ ನೆಚ್ಚಿಕೊಳ್ಳುವುದಾದರೆ ಸಾಲಿನಲ್ಲಿ ನಿಲ್ಲುವ ಹೊತ್ತನ್ನೂ ಸೇರಿಸಿ. ಹಳಿಗಳ ಯಾವ ಬದಿಯಲ್ಲಿ ನಿಮ್ಮ ಮನೆಯಿದೆಯೋ ಅದೇ ಬದಿಯ ಜಿಮ್ಮಿಗೆ ಮೊದಲ ಆದ್ಯತೆ ಕೊಡಿ. ಕಚೇರಿಯ ಪಕ್ಕದ ಜಿಮ್ ಬೆಳಗಿನವರಿಗೆ ಒಪ್ಪುತ್ತದೆ, ಸಂಜೆಯವರಿಗೆ ಅಷ್ಟಾಗಿ ಒಪ್ಪುವುದಿಲ್ಲ. ವ್ಯಾಯಾಮ ಮುಗಿಸಿ ನಡುಗುವ ಕಾಲಿನಲ್ಲಿ ಒಂದು ಗಂಟೆ ಲೋಕಲಿನಲ್ಲಿ ನಿಂತು ಬರುವುದು ಹೇಗಿರುತ್ತದೆ ಎಂಬುದನ್ನು ಮೊದಲೇ ಯೋಚಿಸಬೇಕು.

ಮಳೆಗಾಲದ ದಾರಿಯನ್ನು ಬೇಸಿಗೆಯಲ್ಲೇ ಊಹಿಸಿಕೊಳ್ಳಬೇಕು. ಅಂಧೇರಿ ಸಬ್‌ವೇ, ಮಾಟುಂಗದ ಗಾಂಧಿ ಮಾರ್ಕೆಟ್, ದಾದರದ ಹಿಂದ್‌ಮಾತಾ ಮೊದಲಾದ ಕಡೆ ಜೋರು ಮಳೆಗೆ ನೀರು ನಿಲ್ಲುವುದು ಎಲ್ಲರಿಗೂ ಗೊತ್ತಿರುವ ಸಂಗತಿ. ಅಂಥ ತಗ್ಗನ್ನು ದಾಟಿಯೇ ಹೋಗಬೇಕಾದ ಜಿಮ್ ಆದರೆ, ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ದಿನಗಳಲ್ಲಿ ಒಂದಿಷ್ಟನ್ನು ಲೆಕ್ಕದಿಂದ ಕಳೆದುಬಿಡಿ.

ಹೋಟೆಲಿನಲ್ಲಿ ದುಡಿಯುವ ನಮ್ಮ ಕನ್ನಡಿಗರಿಗೆ ಒಂದು ಪ್ರತ್ಯೇಕ ಎಚ್ಚರಿಕೆ ಹೇಳಬೇಕು. ನಸುಕಿನಲ್ಲಿ ಎದ್ದು ಬೆಳಗಿನ ತಿಂಡಿಯ ಗಿರಾಕಿ ಮುಗಿಸುವವರಿಗೆ ಬಿಡುವು ಸಿಗುವುದು ಮಧ್ಯಾಹ್ನ ಮೂರರಿಂದ ಐದರ ಒಳಗೆ. ಅನೇಕ ಸಣ್ಣ ಜಿಮ್‌ಗಳು ಆ ಹೊತ್ತಿನಲ್ಲಿ ಬಾಗಿಲು ಹಾಕುತ್ತವೆ, ಇಲ್ಲವೇ ಬಾಗಿಲು ತೆರೆದಿದ್ದರೂ ತರಬೇತುದಾರರಿರುವುದಿಲ್ಲ, ಏಸಿಯೂ ಓಡುವುದಿಲ್ಲ. ಫಲಕದ ಮೇಲೆ “ಬೆಳಿಗ್ಗೆ 6ರಿಂದ ರಾತ್ರಿ 11” ಎಂದಿದ್ದರೂ ಮೂರು ಗಂಟೆಗೆ ಹೋಗಿ ನೋಡಿಯೇ ನಂಬಿರಿ.

ಹಂತ 4: ಪಟ್ಟಿಯನ್ನು ಮೂರು ಹೆಸರಿಗೆ ಇಳಿಸಿ

ಹದಿನೈದು ನಿಮಿಷದ ವೃತ್ತದೊಳಗೆ ಏನೇನಿದೆ ಎಂಬುದನ್ನು ನಕ್ಷೆಯಲ್ಲಿ ಗುರುತಿಸಿ. ನಿಮ್ಮ ವಸತಿ ಸೊಸೈಟಿಯ ಸ್ವಂತ ಜಿಮ್ ಇದ್ದರೆ ಅದನ್ನೂ ಪಟ್ಟಿಗೆ ಸೇರಿಸಿ, ಆದರೆ ಅಲ್ಲಿ ತರಬೇತುದಾರರಿರುವುದು ಅಪರೂಪ. ಆಗಲೇ ಚಲನೆಗಳನ್ನು ಕಲಿತವರಿಗೆ ಅದು ಧಾರಾಳ ಸಾಕು, ಹೊಸಬರಿಗೆ ಅಲ್ಲ. ಲಾಲ್‌ಬಾಗ್, ಗಿರ್‌ಗಾಂವ್ ಕಡೆಯ ಹಳೆಯ ವ್ಯಾಯಾಮಶಾಲೆಗಳಲ್ಲಿ ಶುಲ್ಕ ಕಡಿಮೆ, ಥಳುಕೂ ಕಡಿಮೆ. ಕಬ್ಬಿಣದ ಭಾರ ಎತ್ತುವುದಷ್ಟೇ ಬೇಕಾದವರು ಅವನ್ನು ಕಡೆಗಣಿಸಬಾರದು. ಪಾಲಿಕೆಯ ಉದ್ಯಾನಗಳಲ್ಲಿರುವ ಬಯಲು ಜಿಮ್ ಕೀಲುಗಳನ್ನು ಸಡಿಲಿಸಿಕೊಳ್ಳಲು ಸರಿ, ಆದರೆ ಅಲ್ಲಿ ಭಾರವನ್ನು ಹಂತಹಂತವಾಗಿ ಏರಿಸಲು ಬರುವುದಿಲ್ಲ.

ಆನ್‌ಲೈನ್ ವಿಮರ್ಶೆಗಳಲ್ಲಿ ಐದು ನಕ್ಷತ್ರದವನ್ನು ಬಿಟ್ಟು, ಎರಡು ಮತ್ತು ಮೂರು ನಕ್ಷತ್ರದವನ್ನು ಓದಿ. ಹಣ ವಾಪಸಾತಿ, ತರಬೇತುದಾರರ ಬದಲಾವಣೆ, ಕೆಟ್ಟ ಯಂತ್ರ: ಈ ಮೂರರಲ್ಲಿ ಒಂದೇ ದೂರು ಮತ್ತೆ ಮತ್ತೆ ಕಂಡರೆ ಆ ಹೆಸರನ್ನು ಹೊಡೆದುಹಾಕಿ.

ಹಂತ 5: ಮೊದಲ ಭೇಟಿಯಲ್ಲಿ ಕಣ್ಣಿಗೆ ಕೆಲಸ ಕೊಡಿ

ನಿಮ್ಮ ಹೊತ್ತಿಗೇ ಹೋಗಿ. ಮಧ್ಯಾಹ್ನ ಬರಹೇಳಿ ಖಾಲಿ ಹಾಲ್ ತೋರಿಸುವುದು ಮಾರಾಟದ ಹಳೆಯ ಜಾಣ್ಮೆ. ಕೌಂಟರಿನವರು ಕೈಹಿಡಿದು ನಡೆಸಿಕೊಂಡು ಹೋಗಲು ಬಂದರೆ, ಹತ್ತು ನಿಮಿಷ ಒಬ್ಬರೇ ಮೂಲೆಯಲ್ಲಿ ನಿಂತು ನೋಡಲು ಅನುಮತಿ ಕೇಳಿ.

ಮೊದಲು ಸಾಲು ನೋಡಿ. ನಿಮಗೆ ಬೇಕಾದ ಉಪಕರಣಕ್ಕೆ ಎಷ್ಟು ಜನ ಕಾಯುತ್ತಿದ್ದಾರೆ ಎಂದು ಎಣಿಸಿ. ಇಪ್ಪತ್ತು ಟ್ರೆಡ್‌ಮಿಲ್ ಇದ್ದು, ಭಾರ ಹೆಗಲಿಗೇರಿಸಿ ಕೂತೇಳಲು ಬೇಕಾದ ಸ್ಕ್ವಾಟ್ ರ್‍ಯಾಕ್ ಒಂದೇ ಇದ್ದರೆ, ಭಾರ ಎತ್ತಬಯಸುವವರಿಗೆ ಆ ಜಿಮ್ ಚಿಕ್ಕದೆಂದೇ ತಿಳಿಯಬೇಕು, ವಿಸ್ತೀರ್ಣ ಎಷ್ಟೇ ಇರಲಿ.

ನಂತರ ಭಾರಗಳನ್ನು ನೋಡಿ. ಬಲ ಬೆಳೆಸುವವರಿಗೆ 20 ಕಿಲೋ ತೂಕದ ಪೂರ್ಣ ಅಳತೆಯ ಬಾರ್‌ಬೆಲ್, ಬಾರ್ ಕೈಜಾರಿದರೆ ತಡೆಯುವ ಅಡ್ಡಸರಳು ಅಳವಡಿಸಿದ ರ್‍ಯಾಕ್, 1.25 ಕಿಲೋದ ಸಣ್ಣ ಬಿಲ್ಲೆಗಳು, ಬಾರಿನ ತುದಿಗೆ ಹಾಕುವ ಕ್ಲಿಪ್ಪುಗಳು ಬೇಕು. ಸಣ್ಣ ಬಿಲ್ಲೆಗಳು ಇಲ್ಲದಿದ್ದರೆ ಪ್ರತಿ ಸಲವೂ ಒಮ್ಮೆಗೇ 5 ಕಿಲೋ ಏರಿಸಬೇಕಾಗುತ್ತದೆ, ಹೊಸಬರ ಭುಜ ನೋಯುವುದಕ್ಕೆ ಇದೊಂದು ಕಾರಣ. ವಯಸ್ಸಾದವರಿಗೂ ಮೊದಲ ಸಲ ಬರುವ ಮಹಿಳೆಯರಿಗೂ 1, 2, 3 ಕಿಲೋದ ಡಂಬೆಲ್ ಜೋಡಿಗಳು ಇವೆಯೇ, ಕೇಬಲ್ ಯಂತ್ರದ ಅತಿ ಕಡಿಮೆ ಭಾರ ಎಷ್ಟು ಎಂಬುದನ್ನು ನೋಡಬೇಕು. ಮೊಣಕಾಲು ನೋವಿರುವವರು ಬೆನ್ನಿಗೆ ಆಸರೆಯಿರುವ ಸೈಕಲನ್ನು ಹುಡುಕಲಿ.

ಈಗ ಹತ್ತಿರ ಹೋಗಿ ಮುಟ್ಟಿ ನೋಡಿ. ಕೇಬಲ್ ಯಂತ್ರದಲ್ಲಿ ತಂತಿ ರಾಟೆಯನ್ನು ಸುತ್ತುವ ಜಾಗದಲ್ಲಿ ಮೇಲಿನ ಪ್ಲಾಸ್ಟಿಕ್ ಸೀಳಿ ಒಳಗಿನ ಉಕ್ಕಿನ ಎಳೆಗಳು ಹೊರಚಾಚಿದ್ದರೆ, ಆ ತಂತಿ ಯಾರದೋ ತಲೆಯ ಮೇಲೆ ಕಡಿದು ಬೀಳಲು ಕಾಯುತ್ತಿದೆ ಎಂದು ಅರ್ಥ. ಭಾರ ಆಯುವ ಪಿನ್ನು ಯಂತ್ರದ್ದೇ ಇದೆಯೋ, ಅದರ ಬದಲು ಒಂದು ಬೋಲ್ಟು ತುರುಕಿದ್ದಾರೋ ನೋಡಿ. ಬೋಲ್ಟು ಕಂಡ ಜಿಮ್ಮಿನಲ್ಲಿ ಉಳಿದ ದುರಸ್ತಿಯೂ ಅದೇ ಬಗೆಯದು. ಟ್ರೆಡ್‌ಮಿಲ್ಲಿನ ಮೇಲೆ ನಿಂತು ಅತಿ ಕಡಿಮೆ ವೇಗದಲ್ಲಿ ಓಡಿಸಿ, ಪಟ್ಟಿ ಕಾಲಡಿಯಲ್ಲಿ ಜಾರುತ್ತದೆಯೇ ಗಮನಿಸಿ. ಬಟ್ಟೆಗೆ ಸಿಕ್ಕಿಸಿಕೊಳ್ಳುವ ತುರ್ತು ನಿಲುಗಡೆಯ ಹಗ್ಗ ಇದೆಯೇ ನೋಡಿ, ಅದನ್ನು ಎಳೆದು ಯಂತ್ರ ನಿಲ್ಲುತ್ತದೆಯೇ ಪರೀಕ್ಷಿಸಿ. ಯಂತ್ರದ ಹಿಂದೆ ಸುಮಾರು ಆರು ಅಡಿ ಖಾಲಿ ಜಾಗವಿರಬೇಕು, ಬಿದ್ದವರು ಗೋಡೆಗೂ ಪಟ್ಟಿಗೂ ನಡುವೆ ಸಿಕ್ಕಿಕೊಳ್ಳಬಾರದು.

ನೆಲಮಾಳಿಗೆಯ ಜಿಮ್‌ಗಳ ಬಗ್ಗೆ ನನಗೆ ಸ್ವಲ್ಪ ಅಸಹನೆಯೇ ಇದೆ, ಅದನ್ನು ಮುಚ್ಚಿಡುವುದಿಲ್ಲ. ಮುಂಬಯಿಯ ಬಾಡಿಗೆಯಲ್ಲಿ ಅವು ಹುಟ್ಟುವುದು ಸಹಜ. ಆದರೆ ಒಂದೇ ಮೆಟ್ಟಿಲು, ಕಿಟಕಿಯಿಲ್ಲದ ಗೋಡೆ, ಜುಲೈಯಲ್ಲಿ ಮಂಜು ಕವಿದ ಕನ್ನಡಿ ಮತ್ತು ಮ್ಯಾಟುಗಳಿಂದ ಏಳುವ ಮುಗ್ಗುಲು ವಾಸನೆ ಇದ್ದರೆ ಹಿಂದಿರುಗಿ. ಎರಡನೆಯ ಹೊರಬಾಗಿಲು ಎಲ್ಲಿದೆ ಎಂದು ಕೇಳಿ, ಅದರವರೆಗೆ ನಡೆದು ಹೋಗಿ ತೆರೆಯಿಸಿ ನೋಡಿ. ಅದರ ಮುಂದೆ ಪ್ರೋಟೀನ್ ಡಬ್ಬಿಗಳ ರಟ್ಟಿನ ಪೆಟ್ಟಿಗೆ ಪೇರಿಸಿಟ್ಟಿದ್ದರೆ ಅದು ಬಾಗಿಲಲ್ಲ, ಉಗ್ರಾಣ. ಅಗ್ನಿಶಾಮಕ ಸಿಲಿಂಡರಿನ ಮೇಲೆ ಅಂಟಿಸಿದ ಚೀಟಿಯಲ್ಲಿ ಮುಂದಿನ ಭರ್ತಿಯ ದಿನಾಂಕ ಕಳೆದಿದೆಯೇ ಓದಿ.

ಶೌಚಾಲಯ, ಬಟ್ಟೆ ಬದಲಿಸುವ ಕೋಣೆ, ಕುಡಿಯುವ ನೀರು: ಇವನ್ನು ಐದು ನಿಮಿಷದಲ್ಲಿ ನೋಡಿ ಮುಗಿಸಬಹುದು. ಮಹಿಳೆಯರು ಚಿಲಕ ಗಟ್ಟಿಯಿದೆಯೇ, ಕ್ಯಾಮೆರಾ ಯಾವ ಕಡೆ ಮುಖ ಮಾಡಿದೆ, ಮಹಿಳಾ ತರಬೇತುದಾರರು ವಾರದ ಎಲ್ಲ ದಿನವೂ ಇರುತ್ತಾರೆಯೇ ಎಂಬುದನ್ನು ತಾವೇ ಖಚಿತಪಡಿಸಿಕೊಳ್ಳಬೇಕು. ಕೌಂಟರಿನ ಮಾತು ಸಾಲದು, ಅಲ್ಲಿ ಬರುತ್ತಿರುವ ಒಬ್ಬ ಸದಸ್ಯೆಯನ್ನು ಕೇಳುವುದು ಉತ್ತಮ.

ಹಂತ 6: ತರಬೇತುದಾರರನ್ನು ಪರೀಕ್ಷಿಸಿ

ಕಳೆದ ವರ್ಷ ಮುಲುಂಡಿನಲ್ಲಿರುವ ನನ್ನ ಅತ್ತಿಗೆಯ ಜೊತೆ ಎರಡು ಜಿಮ್ ನೋಡಲು ಹೋಗಿದ್ದೆ. ಅವರಿಗೆ 52 ವರ್ಷ, ಬಲ ಮೊಣಕಾಲು ನೋವು. ಮೊದಲನೆಯ ಕಡೆ ತರಬೇತುದಾರ ಅವರನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿ, ಮೂರು ತಿಂಗಳಲ್ಲಿ 12 ಕಿಲೋ ಇಳಿಸಿಕೊಡುವೆನೆಂದು ಹೇಳಿ, ಮರುಕ್ಷಣವೇ ಖಾಲಿ ಬಾರನ್ನು ಹೆಗಲ ಮೇಲಿಟ್ಟು ಕೂತೇಳಲು ಹೇಳಿದ. ಅತ್ತಿಗೆ ಅರ್ಧ ಬಗ್ಗಿ ನಿಂತರು, ಮುಖ ಹಿಂಡಿತು, ಅವನು ಅಷ್ಟರಲ್ಲಿ ಫೋನಿನಲ್ಲಿ ಪ್ಯಾಕೇಜಿನ ದರ ತೋರಿಸುತ್ತಿದ್ದ.

ಎರಡನೆಯ ಜಿಮ್ಮಿನ ಹುಡುಗನಿಗೆ ಇಪ್ಪತ್ತೈದು ದಾಟಿರಲಿಕ್ಕಿಲ್ಲ. ಅವನು ಒಂದು ಪ್ಲಾಸ್ಟಿಕ್ ಸ್ಟೂಲ್ ಎಳೆದು ತಂದು, “ಆಂಟಿ, ಕೈ ಊರದೆ ಕೂತು ಎದ್ದು ತೋರಿಸಿ” ಎಂದು ಹಿಂದಿಯಲ್ಲಿ ಹೇಳಿ, ತಾನು ನೆಲದ ಮೇಲೆ ಕುಕ್ಕರಗಾಲಿನಲ್ಲಿ ಕೂತು ಅವರ ಮೊಣಕಾಲನ್ನೇ ನೋಡಿದ. ಏಳುವಾಗ ಮೊಣಕಾಲು ಒಳಗೆ ವಾಲುತ್ತಿತ್ತು. ಸ್ಟೂಲಿನ ಮೇಲೆ ದಪ್ಪನೆಯ ಎರಡು ಮ್ಯಾಟು ಮಡಿಸಿಟ್ಟು ಎತ್ತರ ಮಾಡಿ ಮತ್ತೆ ಎಬ್ಬಿಸಿದ; ಈ ಸಲ ನೋವಾಗಲಿಲ್ಲ. ಆ ಎತ್ತರವನ್ನು ಗೇಣಿನಲ್ಲಿ ಅಳೆದು ಚೀಟಿಯಲ್ಲಿ ಬರೆದುಕೊಂಡ. ಅತ್ತಿಗೆ ಸೇರಿದ್ದು ಅಲ್ಲಿಗೆ. ಯಾವ ಜಿಮ್ ನೋಡಿದರೂ ನಾನು ಈಗ ಹುಡುಕುವುದು ಆ ಸ್ಟೂಲನ್ನು.

ನೀವು ಕೇಳಬೇಕಾದ ಪ್ರಶ್ನೆಗಳು ನಾಲ್ಕು. ನನ್ನ ಹಳೆಯ ನೋವುಗಳ ಬಗ್ಗೆ ನೀವೇಕೆ ಕೇಳಲಿಲ್ಲ (ಅವರೇ ಕೇಳಿದ್ದರೆ ಈ ಪ್ರಶ್ನೆ ಬೇಕಿಲ್ಲ)? ವೈದ್ಯರು ಬೇಡವೆಂದ ಈ ಚಲನೆಗೆ ಬದಲು ಏನು ಮಾಡಿಸುತ್ತೀರಿ? ಯಾವ ಪ್ರಮಾಣಪತ್ರ ಇದೆ, ಅದರ ಅವಧಿ ಯಾವಾಗ ಮುಗಿಯುತ್ತದೆ? ಯಾರಾದರೂ ಇಲ್ಲಿ ಕುಸಿದು ಬಿದ್ದು ಉಸಿರಾಡದಿದ್ದರೆ ಮೊದಲು ಏನು ಮಾಡುತ್ತೀರಿ? ಕೊನೆಯದಕ್ಕೆ ಎದೆ ಒತ್ತುವ ಸಿಪಿಆರ್ ಆರಂಭಿಸಿ, ಇನ್ನೊಬ್ಬರಿಂದ 108ಕ್ಕೆ ಕರೆ ಮಾಡಿಸುತ್ತೇವೆ ಎಂಬ ಉತ್ತರ ತಡವರಿಸದೆ ಬರಬೇಕು. ಮುಖಕ್ಕೆ ನೀರು ಚಿಮುಕಿಸುತ್ತೇವೆ ಎಂದವರ ಬಳಿ ಹೃದಯದ ತೊಂದರೆಯಿರುವವರು ಸೇರಬಾರದು. ಪ್ರಮಾಣಪತ್ರದ ವಿಷಯದಲ್ಲಿ, ಅಂತಾರಾಷ್ಟ್ರೀಯವಾಗಿ ಹೆಸರಾದ ಎಸಿಇ, ಎಸಿಎಸ್‌ಎಂ, ಎನ್‌ಎಸ್‌ಸಿಎ ಮೊದಲಾದ ಅಮೆರಿಕದ ಸಂಸ್ಥೆಗಳ ಪ್ರಮಾಣಪತ್ರಗಳನ್ನು ನಿಗದಿತ ಅವಧಿಗೆ ನವೀಕರಿಸಲೇಬೇಕು. ಆದುದರಿಂದ ಗೋಡೆಯ ಚೌಕಟ್ಟಿಗಿಂತ ಅದರೊಳಗಿನ ದಿನಾಂಕ ಮುಖ್ಯ.

ಎದ್ದು ಹೊರಡಬೇಕಾದ ಸೂಚನೆಗಳೂ ಇವೆ. ಇಂತಿಷ್ಟು ದಿನದಲ್ಲಿ ಇಂತಿಷ್ಟು ಕಿಲೋ ಎಂಬ ಭರವಸೆ, ಮೊದಲ ದಿನವೇ ಪ್ರೋಟೀನ್ ಪುಡಿ ಕೊಳ್ಳಲು ಒತ್ತಾಯ, ಲೇಬಲ್ ಇಲ್ಲದ ಡಬ್ಬಿ, ಹೆಸರು ಹೇಳದೆ “ಕೋರ್ಸ್” ಎಂದು ಪಿಸುಗುಟ್ಟುವ ಇಂಜೆಕ್ಷನ್. ಸ್ನಾಯು ಬೆಳೆಸಲು ಬಳಸುವ ಅನಬಾಲಿಕ್ ಸ್ಟೆರಾಯ್ಡ್‌ಗಳು ವೈದ್ಯರ ಚೀಟಿಯಿಲ್ಲದೆ ಮಾರಬಾರದ ಔಷಧಿಗಳು. ಅವನ್ನು ಜಿಮ್ಮಿನಲ್ಲಿ ಕೊಡುವವರು ಎಷ್ಟೇ ಒಳ್ಳೆಯ ತರಬೇತುದಾರರಾಗಿದ್ದರೂ ಅಲ್ಲಿ ನಿಲ್ಲಬೇಡಿ. ಪುಡಿ ಕೊಳ್ಳಲೇಬೇಕೆಂದಿದ್ದರೆ ಡಬ್ಬಿಯ ಮೇಲೆ ಆಹಾರ ಸುರಕ್ಷತಾ ಪ್ರಾಧಿಕಾರ ಕೊಡುವ 14 ಅಂಕಿಗಳ ಎಫ್‌ಎಸ್‌ಎಸ್‌ಎಐ ಪರವಾನಗಿ ಸಂಖ್ಯೆ ಇದೆಯೇ ನೋಡಿ, ಹೊರಗಿನ ಅಂಗಡಿಯಲ್ಲಿ ಬೆಲೆ ವಿಚಾರಿಸಿ.

ಹಂತ 7: ಪ್ರಯೋಗದ ದಿನಗಳನ್ನು ಪಡೆಯಿರಿ

ಒಂದು ದಿನದ ಪ್ರಯೋಗ ಬಹಳ ಕಡೆ ಸಿಗುತ್ತದೆ, ಆದರೆ ಅದು ಸಾಲದು. ಮೊದಲ ದಿನ ಎಲ್ಲರೂ ನಿಮ್ಮ ಸುತ್ತ ಇರುತ್ತಾರೆ. ಎರಡನೆಯ ಅಥವಾ ಮೂರನೆಯ ದಿನ ಯಾರೂ ಗಮನಿಸದಿದ್ದಾಗ ಜಿಮ್ಮಿನ ನಿಜವಾದ ಸ್ವಭಾವ ಗೊತ್ತಾಗುತ್ತದೆ. ಮೂರು ದಿನವನ್ನಾದರೂ ಕೇಳಿ, ಕೊಡದಿದ್ದರೆ ದಿನದ ಲೆಕ್ಕದಲ್ಲಿ ಹಣ ಕೊಟ್ಟಾದರೂ ಹೋಗಿ. ಅದರಲ್ಲಿ ಒಂದು ಸೋಮವಾರವಿರಲಿ, ಜನಜಂಗುಳಿ ಆ ದಿನ ಹೆಚ್ಚು.

ಹಂತ 8: ಲೆಕ್ಕ ಹಾಕಿ, ಕರಾರು ಓದಿ

ವರ್ಷದ ಶುಲ್ಕ ಅಗ್ಗವೆಂದು ತೋರುವುದು ಅದನ್ನು 12ರಿಂದ ಭಾಗಿಸಿದಾಗ. ಅದನ್ನು ನೀವು ನಿಜವಾಗಿ ಹೋಗುವ ದಿನಗಳಿಂದ ಭಾಗಿಸಬೇಕು. ಕೈಲೆಕ್ಕಕ್ಕೆ ವಾರ್ಷಿಕ 15,000, ಮೂರು ತಿಂಗಳಿಗೆ 5,500 ಎಂದಿಟ್ಟುಕೊಳ್ಳಿ. ವರ್ಷವಿಡೀ 130 ದಿನ ಹೋದರೆ ದಿನಕ್ಕೆ ಸುಮಾರು 115 ರೂಪಾಯಿ. 45 ದಿನಕ್ಕೇ ನಿಂತರೆ ದಿನಕ್ಕೆ 333. ಮೂರು ತಿಂಗಳಿಗಷ್ಟೇ ಕಟ್ಟಿ ವಾರಕ್ಕೆ ಮೂರು ದಿನದಂತೆ 36 ದಿನ ಹೋದರೆ ದಿನಕ್ಕೆ ಸುಮಾರು 153. ಹೊಸಬರು ಮೊದಲು ಮೂರು ತಿಂಗಳಿಗೆ ಕಟ್ಟುವುದೇ ಲೇಸು ಎಂಬುದು ನನ್ನ ಖಚಿತ ಅಭಿಪ್ರಾಯ. “ಆಫರ್ ಇಂದಿಗೆ ಮಾತ್ರ” ಎಂಬ ಮಾತಿಗೆ ಹೆದರಬೇಡಿ. ಗಣೇಶೋತ್ಸವಕ್ಕೆ ಒಂದು, ದೀಪಾವಳಿಗೆ ಇನ್ನೊಂದು, ಹೊಸ ವರ್ಷಕ್ಕೆ ಮತ್ತೊಂದು ಆಫರ್ ಬಂದೇ ಬರುತ್ತದೆ.

ಹೇಳಿದ ದರದಲ್ಲಿ ಪ್ರವೇಶ ಶುಲ್ಕ, ಲಾಕರ್, ತೆರಿಗೆ ಸೇರಿವೆಯೇ ಕೇಳಿ. 2025ರ ಸೆಪ್ಟೆಂಬರ್ 22ರಿಂದ ಜಿಮ್ ಸೇವೆಯ ಮೇಲಿನ ಜಿಎಸ್‌ಟಿ ಶೇ. 18ರಿಂದ ಶೇ. 5ಕ್ಕೆ ಇಳಿದಿದೆ. 15,000ದ ಮೇಲೆ ಅದು 2,700ರ ಬದಲು 750 ರೂಪಾಯಿ. ಯಾರಾದರೂ ಹಳೆಯ ದರದಲ್ಲೇ ಕೇಳಿದರೆ ಬಿಲ್ಲು ಬರೆಯುವ ಮೊದಲೇ ತಿದ್ದಿಸಿ. ಮಹಾರಾಷ್ಟ್ರದ ಜಿಎಸ್‌ಟಿ ಸಂಖ್ಯೆ 15 ಅಕ್ಷರಗಳದು, 27ರಿಂದ ಆರಂಭವಾಗುತ್ತದೆ. ಬಿಲ್ಲಿನಲ್ಲಿ ಆ ಸಂಖ್ಯೆಯೇ ಇಲ್ಲದವರು ಜಿಎಸ್‌ಟಿ ವಸೂಲು ಮಾಡುವಂತಿಲ್ಲ.

ಕರಾರುಪತ್ರವನ್ನು ಮನೆಗೆ ತಂದು ಓದಿ, ಅಥವಾ ಅದರ ಫೋಟೊ ತೆಗೆದುಕೊಳ್ಳಿ. ಹುಡುಕಬೇಕಾದ ಅಂಶಗಳು ಇವು: ಊರಿಗೆ ಹೋದಾಗ ಎಷ್ಟು ದಿನ ಸದಸ್ಯತ್ವವನ್ನು ತಡೆಹಿಡಿಯಬಹುದು (ಮೇ ತಿಂಗಳಿಡೀ ಮಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ಕಳೆಯುವ ಕುಟುಂಬಗಳಿಗೆ ಇದು ದೊಡ್ಡ ವಿಷಯ), ಬೇರೆಯವರ ಹೆಸರಿಗೆ ವರ್ಗಾಯಿಸಬಹುದೇ, ಶಾಖೆ ಮುಚ್ಚಿದರೆ ಅಥವಾ ದೂರಕ್ಕೆ ಸ್ಥಳಾಂತರವಾದರೆ ಉಳಿದ ಹಣ ಏನಾಗುತ್ತದೆ, ಖಾಸಗಿ ತರಬೇತಿಯ ಸೆಷನ್‌ಗಳು ಎಷ್ಟು ದಿನದೊಳಗೆ ಮುಗಿಯಬೇಕು, ನಿಮ್ಮ ತರಬೇತುದಾರ ಕೆಲಸ ಬಿಟ್ಟರೆ ಬದಲು ಯಾರು. ಬಾಯಿಮಾತಿನಲ್ಲಿ ಹೇಳಿದ್ದನ್ನೆಲ್ಲ ಅದೇ ಹಾಳೆಯ ಕೆಳಗೆ ಕೈಯಲ್ಲಿ ಬರೆಯಿಸಿ, ಮೊಹರು ಹಾಕಿಸಿಕೊಳ್ಳಿ. ಬರೆಯಲು ಹಿಂಜರಿದ ಮಾತು ಮುಂದೆ ನಡೆಯದ ಮಾತೆಂದೇ ತಿಳಿಯಿರಿ.

ಹಂತ 9: ಈಗ ಹಣ ಕಟ್ಟಿ

ಯುಪಿಐ ಮೂಲಕ ಕಟ್ಟುವಾಗ ಪರದೆಯ ಮೇಲೆ ಬರುವ ಹೆಸರು ಸಂಸ್ಥೆಯದೇ ಇರಬೇಕು. ಕ್ಯೂಆರ್ ಕೋಡ್ ಹಾಳಾಗಿದೆ, ನನ್ನ ನಂಬರಿಗೆ ಹಾಕಿ ಎಂದು ತರಬೇತುದಾರ ಹೇಳಿದರೆ ಹಣ ಹಾಕಬೇಡಿ. ನಾಳೆ ಅವನು ಬೇರೆ ಜಿಮ್ ಸೇರಿದರೆ ನಿಮ್ಮ ಹಣಕ್ಕೆ ಯಾರೂ ಜವಾಬ್ದಾರರಲ್ಲ. ಅವಧಿ, ಆರಂಭದ ದಿನ, ಮೊತ್ತ ಇವೆಲ್ಲ ಬರೆದ ರಶೀದಿ ಕೈಗೆ ಬರುವವರೆಗೆ ಕೌಂಟರ್ ಬಿಟ್ಟು ಕದಲಬೇಡಿ.

ಕಂತಿನ ಯೋಜನೆಯಲ್ಲಿ ಒಂದು ಬಲೆಯಿದೆ. “ಬಡ್ಡಿಯಿಲ್ಲದ ಇಎಂಐ” ಎಂದು ಕೊಡುವುದು ಬಹಳ ಸಲ ಹಣಕಾಸು ಕಂಪನಿಯೊಂದರಿಂದ ನಿಮ್ಮ ಹೆಸರಿನಲ್ಲಿ ಪಡೆದ ಸಾಲವಾಗಿರುತ್ತದೆ. ಜಿಮ್ಮಿಗೆ ಪೂರ್ತಿ ಹಣ ಮೊದಲೇ ಸಂದಿರುತ್ತದೆ. ಜಿಮ್ ಬಾಗಿಲು ಮುಚ್ಚಿದರೂ ಕಂತು ನಿಮ್ಮ ಖಾತೆಯಿಂದ ಕಡಿತವಾಗುತ್ತಲೇ ಇರಬಹುದು. ಕೆವೈಸಿ, ಪಾನ್ ಸಂಖ್ಯೆ, ಒಟಿಪಿ ಕೇಳತೊಡಗಿದರೆ ನೀವು ಸಾಲದ ಕಾಗದಕ್ಕೆ ಸಹಿ ಹಾಕುತ್ತಿದ್ದೀರಿ ಎಂಬ ಎಚ್ಚರ ಇರಲಿ.

ಹಂತ 10: ಮೊದಲ ಮೂರು ತಿಂಗಳು

ಅಡುಗೆಮನೆಯ ಗೋಡೆಯಲ್ಲಿರುವ ಕಾಲನಿರ್ಣಯ ಕ್ಯಾಲೆಂಡರಿನಲ್ಲಿ ಹೋದ ದಿನಗಳಿಗೆ ಪೆನ್ಸಿಲಿನ ಗುರುತು ಹಾಕಿ. ಹೋಗದ ದಿನಕ್ಕೆ ಕಾರಣವನ್ನು ಒಂದೇ ಪದದಲ್ಲಿ ಬರೆಯಿರಿ: ಮಳೆ, ಲೋಕಲ್, ನೋವು, ಸಾಲು, ಬೇಸರ. ಮೊದಲ ತಿಂಗಳ ಮೈಕೈ ನೋವು ಒಂದೆರಡು ದಿನದಲ್ಲಿ ತಗ್ಗಬೇಕು. ಕೀಲಿನಲ್ಲಿ ಚುಚ್ಚುವ ನೋವು, ಬಾವು, ಮರಗಟ್ಟುವಿಕೆ ಕಂಡರೆ ಆ ಚಲನೆ ನಿಲ್ಲಿಸಿ ವೈದ್ಯರಿಗೆ ತೋರಿಸಿ. ಸ್ನಾಯುಗಳು ಊದಿ, ಮೂತ್ರ ಕಡು ಚಹಾದ ಬಣ್ಣಕ್ಕೆ ತಿರುಗಿದರೆ ಕಾಯಬೇಡಿ, ಅದು ಸ್ನಾಯು ಒಡೆದು ಮೂತ್ರಪಿಂಡಕ್ಕೆ ಹಾನಿಯಾಗುವ ಸೂಚನೆ. ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಬಹಳ ದಿನದ ಬಿಡುವಿನ ನಂತರ ಒಮ್ಮೆಲೇ ಮೈಮುರಿದು ವ್ಯಾಯಾಮ ಮಾಡುವವರಲ್ಲಿ ಇದು ಕಾಣಿಸಿಕೊಳ್ಳುತ್ತದೆ.

ಹೇಳಿದ ಸೇವೆ ಸಿಗದಿದ್ದರೆ ಮೊದಲು ಜಿಮ್ಮಿಗೆ ಇಮೇಲಿನಲ್ಲಿ ದೂರು ಬರೆಯಿರಿ, ವಾಟ್ಸ್‌ಆ್ಯಪ್ ಧ್ವನಿಸಂದೇಶದಲ್ಲಿ ಹೇಳಿ ಬಿಡಬೇಡಿ. ಉತ್ತರ ಬಾರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಅದರಿಂದಲೂ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗವಿದೆ. 2019ರ ಗ್ರಾಹಕ ರಕ್ಷಣಾ ಕಾಯ್ದೆಯ ಪ್ರಕಾರ ನೀವು ವಾಸಿಸುವ ಜಿಲ್ಲೆಯಲ್ಲೇ ದೂರು ಸಲ್ಲಿಸಬಹುದು, ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ಕಾರಣ ಹುಟ್ಟಿದ ಎರಡು ವರ್ಷದೊಳಗೆ ಸಲ್ಲಿಸಬೇಕು. ರಶೀದಿಯ ಮೇಲೆ “ಹಣ ಹಿಂದಿರುಗಿಸುವುದಿಲ್ಲ” ಎಂದು ಅಚ್ಚಾಗಿದ್ದರೂ, ಸೇವೆಯಲ್ಲೇ ಕೊರತೆಯಿದ್ದಾಗ ಆ ಸಾಲು ನಿಮ್ಮ ದೂರಿನ ಹಕ್ಕನ್ನು ಕಸಿದುಕೊಳ್ಳುವುದಿಲ್ಲ.

ಮೂರು ತಿಂಗಳು ಮುಗಿಯುವ ವಾರ ಕಾಲನಿರ್ಣಯವನ್ನು ಗೋಡೆಯಿಂದ ಇಳಿಸಿ ಗುರುತುಗಳನ್ನು ಎಣಿಸಿ. ಮೂವತ್ತರ ಆಚೀಚೆ ಇದ್ದರೆ ಅದೇ ಜಿಮ್ಮಿನಲ್ಲಿ ದೀರ್ಘ ಅವಧಿಗೆ ಚೌಕಾಸಿ ಮಾಡಿ. ಈಗ ದರ ಇಳಿಸುವಂತೆ ಕೇಳಲು ನಿಮಗೆ ಬಲವಿದೆ. ಹದಿನೈದಕ್ಕಿಂತ ಕಡಿಮೆಯಿದ್ದರೆ ಬಿಟ್ಟ ದಿನಗಳ ಪಕ್ಕದ ಪದಗಳನ್ನು ಓದಿ. “ಲೋಕಲ್”, “ಮಳೆ” ಹೆಚ್ಚಿದ್ದರೆ ಮೂರನೆಯ ಹಂತಕ್ಕೆ, “ಸಾಲು” ಹೆಚ್ಚಿದ್ದರೆ ಐದಕ್ಕೆ, “ನೋವು” ಹೆಚ್ಚಿದ್ದರೆ ಆರಕ್ಕೆ ಮರಳಿ, ಪಟ್ಟಿಯಲ್ಲಿ ಉಳಿದ ಎರಡನೆಯ ಹೆಸರನ್ನು ನೋಡಲು ಹೋಗಿ.